ಆರನೆಯ ಪುಟದ ರೊಟ್ಟಿ

ಯಮನೂರು
18 ಮೇ 2025

ಅಮೃತಾಳ ಅಪ್ಪನವರಿಗೆ ರೋಹಿಣಿಯ ಶರಣು.

ನಾವಿಲ್ಲಿ ಆರಾಮ. ಬೆಳಗಾವಿಯಲ್ಲಿ ನೀವೂ ಆರಾಮ ಇದ್ದೀರೆಂದು ನಿನ್ನೆ ಫೋನಿನಲ್ಲಿ ಕೂಗಾಡಿದ ದನಿಯಿಂದಲೇ ಗೊತ್ತಾಯಿತು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಡುವೆ ಬಾಯಿ ಹಾಕುತ್ತೀರಿ. ಕಾಗದದ ಮುಂದೆ ಅದು ನಡೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆಯವರೆಗೆ ಓದಿ.

ಮೊದಲು ಮುಖ್ಯ ಮಾತು. ಅಮೃತಾಳನ್ನು ಒಂಬತ್ತನೆಯ ತರಗತಿಗೆ ನವಲಗುಂದ ದಾರಿಯ ಹೆಂಚಿನ ಶಾಲೆಗೇ ಹಾಕುತ್ತೇನೆ. ನೀವು ಆರಿಸಿದ ಹುಬ್ಬಳ್ಳಿ ಕಡೆಯ ಶಾಲೆಗೆ ಅಲ್ಲ. ಅರ್ಜಿಗೆ ಸಹಿ ಮಾಡಿ ಕಳಿಸಿಯೂ ಆಯಿತು. ಹಾಸ್ಟೆಲಿನಲ್ಲಿಟ್ಟು ಓದಿಸಬೇಕು ಎಂಬುದಕ್ಕೆ ಇಬ್ಬರೂ ಒಪ್ಪಿದ್ದೆವು. ನೀವು ಮನೆ ಬಿಟ್ಟ ಈ ನಾಲ್ಕು ವರ್ಷದಲ್ಲಿ ನಾವು ಒಪ್ಪಿದ್ದು ಅದೊಂದನ್ನೇ. ಯಾವ ಹಾಸ್ಟೆಲು ಎಂಬಲ್ಲಿಗೆ ಬಂದಾಗ ಮತ್ತೆ ಜಗಳ.

“ಕಣ್ಣಿಲೆ ನೋಡದ ಸಾಲಿಗೆ ಮಗಳನ್ನ ಹ್ಯಾಂಗ ಹಾಕ್ತಿ?” ಎಂದು ಕೇಳಿದಿರಿ. ನೀವಾದರೂ ಎಲ್ಲಿ ನೋಡಿದ್ದೀರಿ? ನೀವು ನೋಡಿದ್ದು, ನನಗೂ ಒಂದು ಪ್ರತಿ ಕಳಿಸಿದ್ದು, ಆ ಶಾಲೆಯವರು ಹಂಚುವ ಹೊಳಪಿನ ಪುಸ್ತಕ. ಅದರಲ್ಲಿ ಕುದುರೆ ಇದೆ, ಈಜುಕೊಳ ಇದೆ. ನಮ್ಮ ಮಗಳು ಕುದುರೆ ಹತ್ತಿ ಎಲ್ಲಿಗೆ ಹೋಗಬೇಕಾಗಿದೆ?

ಆ ಪುಸ್ತಕದ ಆರನೆಯ ಪುಟ ತೆಗೆಯಿರಿ. ಊಟದ ಮನೆಯ ಫೋಟೋ. ಮೇಜಿನ ಮೇಲೆ ಜೋಳದ ರೊಟ್ಟಿ ಒಟ್ಟಿದ್ದಾರೆ, ಸುತ್ತ ಹುಡುಗಿಯರು ನಗುತ್ತಿದ್ದಾರೆ, ಕೆಳಗೆ ‘ಮನೆಯ ಊಟ, ಪ್ರತಿದಿನ’ ಎಂದು ಬರೆದಿದೆ. ಆ ರೊಟ್ಟಿ ನಾನು ಬಡಿದದ್ದು. ರೊಟ್ಟಿಯ ಕೆಳಗೆ ಹಾಸಿದ ಹಸಿರು ಬಟ್ಟೆ ನೋಡಿ. ಅಮೃತಾ ಹುಟ್ಟಿದಾಗ ನೀವು ತಂದಿದ್ದ ಇಳಕಲ್ ಸೀರೆ ಅದು. ಹರಿದ ಮೇಲೆ ರೊಟ್ಟಿ ಕಟ್ಟಲು ತುಂಡು ಮಾಡಿಕೊಂಡೆ. ಸೀರೆ ಆರಿಸಿದವರಿಗೇ ಗುರುತು ಹತ್ತಲಿಲ್ಲ.

ಹೋದ ವರ್ಷ ಆ ಶಾಲೆಯವರು ಒಂದೇ ಒಂದು ಸಲ ನಮ್ಮಿಂದ ನೂರು ರೊಟ್ಟಿ ತರಿಸಿದರು. ನನ್ನ ಜೊತೆ ರೊಟ್ಟಿ ಬಡಿಯುವ ಹಲೀಮಾಬಿ ಬುಟ್ಟಿ ಒಯ್ದಿದ್ದಳು. ಫೋಟೋ ಮುಗಿಯುವವರೆಗೆ ಅವಳನ್ನು ಕೂರಿಸಿ, ಆಮೇಲೆ “ಆತ್ರಿ, ಇವನ್ನ ವಾಪಸ್ ಒಯ್ರಿ, ಹುಡುಗ್ಯಾರಿಗೆ ಅನ್ನ ಆಗೇತಿ” ಎಂದರಂತೆ. ಒಬ್ಬ ಹುಡುಗಿ ರೊಟ್ಟಿಗೆ ಕೈ ಚಾಚಿದ್ದಳು. ಅಲ್ಲಿನ ಮೇಲ್ವಿಚಾರಕಿ ಕೆಕ್ಕರಿಸಿ ನೋಡಿದಳು, ಹುಡುಗಿ ಕೈ ಹಿಂದೆ ತೆಗೆದಳು. ಹಲೀಮಾಬಿ ಮನೆಗೆ ಬಂದು ಬುಟ್ಟಿ ಕುಕ್ಕಿ, “ಅಕ್ಕಾ, ಆ ಹುಡುಗ್ಯಾರು ನಗ್ರಿ ಅಂದಾಗ ಅಷ್ಟ ನಗ್ತಾರ” ಅಂದಳು. ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೆಂಚಿನ ಶಾಲೆಗೆ ಮೂರು ವರ್ಷದಿಂದ ವಾರಕ್ಕೆ ಎರಡು ಸಲ ನಮ್ಮ ರೊಟ್ಟಿ ಹೋಗುತ್ತದೆ. ಬುಟ್ಟಿ ಖಾಲಿಯಾಗಿ ಬರುತ್ತದೆ. ಹೋದ ಶ್ರಾವಣದಲ್ಲಿ ಖಾಲಿ ಬುಟ್ಟಿಯ ತಳದಲ್ಲಿ ಒಂದು ಚೀಟಿ ಬಂತು. “ಸೋಮವಾರದ ರೊಟ್ಟಿ ಹೊತ್ತಿದ್ದವು. ಹಸಿವಿ ಆಗಿತ್ತು, ತಿಂದ್ವಿ. ಮತ್ತ ಹಿಂಗ ಮಾಡಬ್ಯಾಡ್ರಿ.” ಕೆಳಗೆ ಹನ್ನೊಂದು ಹುಡುಗಿಯರ ಹೆಸರು, ಸಹಿ. ಅದರ ಕೆಳಗೆ ವಾರ್ಡನ್ ರೇಣುಕವ್ವನವರ ಕೈಬರಹ: “ಹೌದು, ನಾನೂ ತಿಂದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಚೋಟುದ್ದದ ಹುಡುಗಿಯರು ನನ್ನ ರೊಟ್ಟಿಗೆ ಹೆಸರಿಟ್ಟು ತಪ್ಪು ಹುಡುಕುವುದೆಂದರೇನು! ಸಂಜೆಯವರೆಗೆ ಬೈದೆ. ಆಮೇಲೆ ಆ ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟೆ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಇಂಥ ಯಾವ ಕಾಗದಕ್ಕೂ ಹೆಸರು ಹಾಕಿದವಳಲ್ಲ. ನೀವು ಹೆಣ್ಣು ನೋಡಲು ಬಂದ ದಿನವೂ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನನ್ನ ಮಗಳು ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಬರೆದು ಸಹಿ ಹಾಕುವುದನ್ನು ಕಲಿಯಲಿ. ಅಲ್ಲಿ ಮಳೆಗಾಲದಲ್ಲಿ ಹೆಂಚು ಸೋರುತ್ತದೆ, ಅದೂ ಗೊತ್ತು. ಆಮೇಲೆ ಬಂದ ಇನ್ನೊಂದು ಚೀಟಿಯಲ್ಲಿ ಅದನ್ನೂ ಬರೆದಿದ್ದರು.

“ಗೌಡ್ರ ಮನಿ ಸೊಸಿ ರೊಟ್ಟಿ ಮಾರ್ತಾಳಂತ ಮಂದಿ ನಗ್ತಾರ” ಎಂದು ನೀವು ಹೊಸ್ತಿಲು ದಾಟಿದಿರಿ. ಮಾರಿದೆ. ಇನ್ನು ಮುಂದೆಯೂ ಮಾರುತ್ತೇನೆ. ಮಾರಿದ್ದರಿಂದಲೇ, ನಾನು ಕಾಲಿಡದ ಎರಡೂ ಊಟದ ಮನೆಗಳನ್ನು ನನ್ನ ರೊಟ್ಟಿ ಹೋಗಿ ನೋಡಿಬಂದವು. ನಿಮ್ಮ ಹೊಳಪಿನ ಪುಸ್ತಕಕ್ಕಿಂತ ನನಗೆ ಅವುಗಳ ಮೇಲೆ ನಂಬಿಕೆ ಹೆಚ್ಚು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕೆಲಸದಿಂದ ಬಿಡುವಾಗಲಿಲ್ಲ, ಅದಕ್ಕೇ ಶಾಲೆ ನೋಡಲು ಹೋಗಲಿಲ್ಲ ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಹೆಂಚಿನ ಶಾಲೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಗೇಟಿನಲ್ಲಿ ಯಾರಾದರೂ “ಯಜಮಾನ್ರು ಬರಲಿಲ್ಲೇನ್ರಿ?” ಎಂದರೆ ಏನು ಹೇಳಲಿ ಎಂದು ಹೋಗಲಿಲ್ಲ. ಅರ್ಜಿ ರೊಟ್ಟಿಯ ಬುಟ್ಟಿಯಲ್ಲೇ ಬಂತು, ಬುಟ್ಟಿಯಲ್ಲೇ ಹೋಯಿತು. ನಾನು ಹೆದರಿದ್ದು ಆ ಒಂದು ಪ್ರಶ್ನೆಗೆ, ನಿಮ್ಮ ಸಿಟ್ಟಿಗಲ್ಲ.

ಜೂನ್ ಎರಡಕ್ಕೆ ಅವಳನ್ನು ಬಿಡಬೇಕು. ಬಂದು ತಡೆಯುತ್ತೇನೆ ಎಂದಿರಿ. ಬನ್ನಿ. ಬಾಗಿಲಲ್ಲಿ ಅಮೃತಾಳೇ ನಿಂತು ಉತ್ತರ ಕೊಡುತ್ತಾಳೆ, ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದಾಳೆ.

ಇಂತಿ,
ರೊಟ್ಟಿ ಮಾರುವ
ರೋಹಿಣಿ

ತಾ.ಕ.: ಮಗಳನ್ನು ಭೇಟಿಯಾಗಲು ಬರುವವರ ಕಾರ್ಡಿಗೆ ಹೆಂಚಿನ ಶಾಲೆಯವರು ಇಬ್ಬರ ಫೋಟೋ ಕೇಳಿದ್ದರು. “ನಿನ್ನ ತಮ್ಮ ಪ್ರಭುಂದ ಹಚ್ಚಿಬಿಡ” ಎಂದು ನಮ್ಮವ್ವ ಹೇಳಿದಳು. ಹಚ್ಚಲಿಲ್ಲ. ನನ್ನ ಬಳಿ ನಿಮ್ಮದೆಂದು ಇದ್ದದ್ದು ನಮ್ಮ ಮದುವೆಯ ಫೋಟೋ ಒಂದೇ. ಅದನ್ನು ನಡುವೆ ಕತ್ತರಿಸಿದೆ. ಒಂದು ಚೌಕದಲ್ಲಿ ನೀವು, ಬಾಜುವಿನ ಚೌಕದಲ್ಲಿ ನಾನು, ಇಬ್ಬರ ಹಣೆಗೂ ಬಾಸಿಂಗ. ರೇಣುಕವ್ವನವರು ನೋಡಿ ನಕ್ಕು, “ಇದ ನಡೀತೈತಿ” ಎಂದು ಠಸ್ಸೆ ಒತ್ತಿ ಹಲೀಮಾಬಿಯ ಕೈಯಲ್ಲಿ ಕಳಿಸಿದ್ದಾರೆ. ಭೇಟಿ ತಿಂಗಳ ಎರಡನೆಯ ರವಿವಾರ, ಬೆಳಿಗ್ಗೆ ಹತ್ತಕ್ಕೆ. ಆ ಗೇಟು ನಾನೂ ಇನ್ನೂ ನೋಡಿಲ್ಲ.