ಕೈ ಎತ್ತಿದಾಗ ಬೀಳುವ ಸಿಳ್ಳೆ

ಲಾಂಗಿರಾನೋ,
9 ಜನವರಿ 1986

ಪ್ರೀತಿಯ ಮಗಳು ಕ್ಲೇಲಿಯಾಳಿಗೆ,

ಅಪ್ಪನ ಮುತ್ತುಗಳು. ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೈನೋವು ಎಂದು ನೆಪ ಹೇಳಬಹುದಿತ್ತು. ಆದರೆ ನಿನ್ನ ಅಮ್ಮ ಇದೇ ಮೇಜಿನ ಮೇಲೆ ಪಾಸ್ತಾಕ್ಕೆ ಕುಂಬಳದ ಹೂರಣ ತುಂಬುತ್ತ ಕೂತಿದ್ದಾಳೆ, ಸುಳ್ಳು ಬರೆದರೆ ನನ್ನ ಮುಖ ನೋಡಿಯೇ ಹಿಡಿಯುತ್ತಾಳೆ. ಬರೆಯಲು ಧೈರ್ಯ ಬರಲಿಲ್ಲ. ಕ್ಷಮಿಸು.

ನಿನ್ನ ಹೆಸರಿನ ಪೋಸ್ಟರ್ ಬೇಕರಿಯ ಗೋಡೆಗೆ ಬಂದಿದೆ. ಇಪ್ಪತ್ತಮೂರಕ್ಕೆ ನೀನು ಪಾರ್ಮಾದಲ್ಲಿ, ನಮ್ಮ ಜನದ ಮುಂದೆ, ಮೊದಲ ಸಲ ಹಾಡುತ್ತೀ. ಅಮ್ಮ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ. ನಾನು ಮಾತ್ರ ಆ ಗೋಡೆ ತಪ್ಪಿಸಿ ಸುತ್ತುಬಳಸಿ ಕೆಲಸಕ್ಕೆ ಹೋಗುತ್ತಿದ್ದೇನೆ.

ಕಾರಣ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಓರೆಸ್ತೆ ಮಾಮ ತನ್ನ ಕ್ಷೌರದಂಗಡಿಯಲ್ಲಿ ನನಗೆ ಗಡ್ಡ ಹೆರೆಯುತ್ತ ಗೋಳಾಡಿದ್ದ. “ಲೋ ಎರ್ಮೆಸ್, ಥಿಯೇಟರ್ ಅಟ್ಟದ ಮೇಲಿನ ಅಗ್ಗದ ಸೀಟಲ್ಲಿ ಈಗ ಬರೀ ನಮ್ಮಂಥ ಬೋಳುತಲೆಗಳೇ ಕಣೋ. ಹುಡುಗ್ರಿಗೆ ಒಪೆರಾ ರುಚಿ ಹತ್ತಿಸ್ದೇ ಇದ್ರೆ, ನಾವು ಸತ್ಮೇಲೆ ಅಲ್ಲಿ ಪಾರಿವಾಳ ಕೂತ್ಕೋತವೆ.” ಆವತ್ತಿನಿಂದ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನನ್ನ ಪಾಠ. ಈಗ ಹನ್ನೆರಡು ಮಕ್ಕಳಿದ್ದಾರೆ.

ನನಗೆ ಗೊತ್ತಿದ್ದನ್ನೇ ಕಲಿಸಿದೆ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ: ಒಣಗಿಸಿದ ಹಂದಿತೊಡೆಗೆ ಕುದುರೆಮೂಳೆಯ ಸೂಜಿ ಐದು ಕಡೆ ಚುಚ್ಚುವುದು, ಐದು ಸಲ ಮೂಸುವುದು. ಘಮ ಸರಿಯಿದ್ದರೆ ಮಾತಿಲ್ಲ, ಮುಂದಿನ ತೊಡೆ. ಕೆಟ್ಟಿದ್ದರೆ ಮಾತ್ರ ಬಾಯಿ ತೆರೆಯುವುದು. ಹಾಡನ್ನೂ ಹಾಗೇ ಕೇಳಲು ಕಲಿಸಿದೆ. ಎಲ್ಲಿ ತಪ್ಪಿತೋ ಅಲ್ಲಿ ಛೀಮಾರಿಯ ಸಿಳ್ಳೆ. ಮಕ್ಕಳಿಗೆ ಖುಷಿಯೋ ಖುಷಿ. ಕಳೆದ ವರ್ಷ ಬೊಲೊನ್ಯಾದ ಗಾಯಕನೊಬ್ಬ ಇವರ ಸಿಳ್ಳೆಗೆ ಅರ್ಧಕ್ಕೇ ವೇದಿಕೆ ಬಿಟ್ಟು ಹೋದ, ಮತ್ತೆ ಹಾಡಲಿಲ್ಲ ಎಂದು ಕೇಳಿದೆ. ಆವತ್ತು ನಾನು ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿದ್ದೆ.

ಇಪ್ಪತ್ತಮೂರಕ್ಕೆ ಹನ್ನೆರಡು ಜನವೂ ಅಟ್ಟದ ಟಿಕೆಟ್ ತೆಗೆದಿದ್ದಾರೆ.

ಮೊನ್ನೆ ಪಾಠದ ಕೊನೆಗೆ ನಾನು, “ನೋಡ್ರಮ್ಮಾ, ಆವತ್ತೊಂದಿನ ಸಿಳ್ಳೆ ಬೇಡ” ಅಂದೆ. ಪೋಸ್ಟ್‌ಮ್ಯಾನ್ ಮಗಳು ಮೊರೇನಾ, ಹದಿನೇಳರ ಹುಡುಗಿ, ನನ್ನ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕು ಕಿವಿಯವಳು. ಅವಳು ನಕ್ಕುಬಿಟ್ಟಳು.

“ಮಗಳು ಅಂತಾನಾ ಮೇಷ್ಟ್ರೇ? ನೀವೇ ಹೇಳಿದ್ರಲ್ಲ, ಪರಿಚಯದವರ ಹಂದಿತೊಡೆ ಅಂತ ಮೂಗು ಮುಚ್ಕೊಂಡ್ರೆ ಅದು ಕೆಡೋದು ನಿಂತ್ಹೋಗತ್ತಾ ಅಂತ!”

“ಚೆನ್ನಾಗಿ ಹಾಡಿದ್ರೆ ಏನ್ಮಾಡ್ತೀರೇ?”

“ಸುಮ್ನೆ ಇರ್ತೀವಿ” ಅಂದಳು.

ಅವಳ ತಪ್ಪಿಲ್ಲ, ಕ್ಲೇಲಿಯಾ. ಹಾಡು ಚೆನ್ನಾಗಿದ್ದಾಗ ಏನು ಮಾಡಬೇಕೆಂದು ನಾನು ಕಲಿಸಿಯೇ ಇಲ್ಲ. ಓರೆಸ್ತೆಯಂತೂ ಈಗ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. “ರುಚಿ ಹತ್ತಿಸೋ ಅಂದ್ರೆ ಹುಳುಕು ಹುಡ್ಕೋದು ಕಲ್ಸಿದ್ಯಲ್ಲೋ, ಮಾರಾಯ” ಅಂದ. ಎಳೆಯರು ಒಪೆರಾ ಕಲಿಯಬೇಕು, ಅದರಲ್ಲಿ ನನಗೆ ಈಗಲೂ ಎರಡು ಮಾತಿಲ್ಲ. ನನ್ನಂಥವನ ಹತ್ತಿರ ಕಲಿಯಬೇಕಿತ್ತೇ ಎಂಬುದೇ ಪ್ರಶ್ನೆ. ನೀನು ಈ ಮನೆಯಲ್ಲಿ ಹಾಡುತ್ತ ಬೆಳೆದೆ. ಒಂದು ಸಲವಾದರೂ ‘ಚೆನ್ನಾಗಿತ್ತು’ ಅಂದಿದ್ದೇನೆಯೇ? ಚೆನ್ನಾಗಿತ್ತು ಮಗಳೇ. ಎಷ್ಟೋ ಸಲ ಕೊಟ್ಟಿಗೆಗೆ ಹೋಗಿ ಅತ್ತು ಬಂದಿದ್ದೇನೆ.

ಪಾರ್ಮಾದಲ್ಲಿ ನೀನು ಹಾಡಲಿರುವ ಒಪೆರಾವನ್ನೇ ಕಳೆದ ತಿಂಗಳು ನಿನ್ನ ದನಿಯಲ್ಲಿ ರೇಡಿಯೊದಲ್ಲಿ ಕೇಳಿದೆ. ಎರಡನೇ ಅಂಕದ ಹಾಡಿನ ಕೊನೆಯಲ್ಲಿ, ಆ ಏರುಸ್ವರಕ್ಕೆ ಮುಂಚೆ, ನೀನು ಇನ್ನೂ ಸಾಲಿನ ನಡುವೆಯೇ ಉಸಿರು ಕದಿಯುತ್ತೀ. ಇನ್ನು ಎರಡು ವಾರವಿದೆ. ಅದೊಂದನ್ನು ತಿದ್ದಿಕೋ, ಇಲ್ಲವೇ ಗಂಟಲು ಕಟ್ಟಿದೆ ಎಂದು ಥಿಯೇಟರಿಗೆ ತಂತಿ ಕಳಿಸಿಬಿಡು. ಯಾಕೆ ಎಂದು ಕೇಳಬೇಡ.

ದೇವರು ನಿನ್ನ ಗಂಟಲನ್ನು ಕಾಯಲಿ. ‘ತೋಳದ ಬಾಯಿಗೆ ಹೋಗಿ ಬಾ’ ಎಂದು ಹಾಡುಗಾರರನ್ನು ಹರಸುವ ನಮ್ಮ ರೂಢಿಯ ಮಾತು ಈ ಸಲ ಬಾಯಿಂದ ಹೊರಡುತ್ತಿಲ್ಲ.

ನಿನ್ನ ಅಪ್ಪ,
ಎರ್ಮೆಸ್

ಮರೆತದ್ದು: ಮರೆತದ್ದಲ್ಲ. ಅಮ್ಮ ಈಗ ನೀರು ಕಾಯಿಸಲು ಎದ್ದು ಹೋದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಹುಟ್ಟುಹಬ್ಬಕ್ಕೆಂದು ನೀನು ಅದೇ ಹಾಡನ್ನು ಹಾಡಿ ಕೊಟ್ಟ ಕ್ಯಾಸೆಟ್ ನೆನಪಿದೆಯಾ? ಕೆಟ್ಟದ್ದು ಹೇಗಿರುತ್ತದೆಂದು ಮಕ್ಕಳಿಗೆ ತೋರಿಸಲು ನಾನು ಹಾಕುತ್ತಿದ್ದದ್ದು ಅದನ್ನೇ. ಯಾರ ಧ್ವನಿ ಎಂದು ಹೇಳಿಲ್ಲ, ಮೊನ್ನೆಯೂ ಹೇಳಲಾಗಲಿಲ್ಲ. ನಾಲ್ಕು ವರ್ಷ, ಪ್ರತಿ ಭಾನುವಾರ, ನೀನು ಉಸಿರು ಕದಿಯುವ ಜಾಗ ಬಂದಾಗ ನಾನು ಕೈ ಎತ್ತುತ್ತಿದ್ದೆ, ಅವರು ಸಿಳ್ಳೆ ಹಾಕುತ್ತಿದ್ದರು. ಈಗೀಗ ನಾನು ಕೈ ಎತ್ತಬೇಕಾಗಿಯೇ ಇಲ್ಲ.