ಲಕ್ಕಮ್ಮನ ಎಡಗಡೆಯ ಹೂವು

ಪಾಂಡವಪುರ
೧೦-೨-೧೯೭೩, ಶನಿವಾರ

ಮಗಳೇ ಸರಸೂ,

ಲಕ್ಕಮ್ಮ ತಾಯಿ ನಿನ್ನ ಬಾಗಿಲು ಕಾಯಲಿ. ಆ ಬಾಗಿಲೂ ಮನೆಯೊಡತಿ ಸೋಮಮ್ಮನದೇ ಅಂತ ನೀನು ಬರೆದದ್ದು ಓದಿದ ಮೇಲೆ ಹೀಗೆ ಹರಸುವುದಕ್ಕೂ ನಾಲಿಗೆ ತಡವರಿಸುತ್ತದೆ. ಮೇಷ್ಟರೊಬ್ಬರು ಹೆಚ್ಚು ಬಾಡಿಗೆ ಕೊಡುತ್ತಾರೆ ಅಂತ ಒಂಟಿ ಹೆಂಗಸನ್ನು ಯುಗಾದಿಯೊಳಗೆ ಖಾಲಿ ಮಾಡು ಅನ್ನಬಹುದೆ? ಕೆ.ಆರ್. ಪೇಟೆಗೂ ಈ ಬೆಲೆಯೇರಿಕೆಯ ಗಾಳಿ ಬೀಸಿತೆ? ಅಳಿಯ ನಿನ್ನನ್ನು ಬಿಟ್ಟುಹೋದ ಮೇಲೆ ಆ ಹೊಲಿಗೆ ಮಿಷನ್ನು ಎಷ್ಟು ಮನೆ ಕಂಡಿತೋ.

ಇಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೊನ್ನೆ ಮುದ್ದೆಗೆ ಎಸರಿಟ್ಟು ಹೊಲದ ಕಡೆ ಹೋಗಿಬಿಟ್ಟೆ, ಬರುವಷ್ಟರಲ್ಲಿ ಮಡಕೆ ಕಾದು ಬಿರಿದಿತ್ತು. ನಮ್ಮ ಸ್ಟೇಷನ್ ರಸ್ತೆ ಹೊಲ ಈಗ ಹೊಲವಲ್ಲ, ಮಗಳೇ. ಅವರೆ ಸಾಲಿನ ನಡುವೆ ಸೈಟುಗಳ ಗುರುತಿಗೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಮೊದಲು ಎಕರೆ ಅನ್ನುತ್ತಿದ್ದ ಜನ ಆಮೇಲೆ ಗುಂಟೆ ಅಂದರು, ಈಗ ಅಡಿ ಅನ್ನುತ್ತಾರೆ. ಅಳತೆ ಚಿಕ್ಕದಾದಷ್ಟೂ ಬೆಲೆ ದೊಡ್ಡದಾಗುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಎಲ್ಲ ಸೈಟುಗಳನ್ನೂ ಮಾರಿ, ನಿನ್ನ ತಮ್ಮ ಚಲುವರಾಜನಿಗೆ ಮೈಸೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಬೇಕು ಅಂತ ನಿಮ್ಮಪ್ಪನ ಹಟ. ನಿನ್ನ ಮಾತು ಎತ್ತಿದೆ. "ಕೊಟ್ಟ ಹೆಣ್ಣಿಗೆ ಇನ್ನೇನ್ಲೇ ಕೊಡದು? ಸೀರೆ ಕೊಟ್ಟಿಲ್ವಾ, ಬಾಗ್ನ ಕೊಟ್ಟಿಲ್ವಾ?" ಅಂದು ಟವಲ್ಲು ಕೊಡವಿ ಎದ್ದುಹೋದರು.

ಆದರೂ ತಾಯಿಯ ಅಪ್ಪಣೆಯಿಲ್ಲದೆ ಮಣ್ಣು ಮಾರುವವರಲ್ಲ ಅವರು. ನಿಮ್ಮಜ್ಜಿ ಹೋದ ಮೇಲೆ ಹೂವು ಕೇಳುವ ತಟ್ಟೆ ಹಿಡಿಯುವವಳು ನಾನೇ ಅಲ್ಲವೆ. ಕೋರಿಕೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು, ಹೂವು ಬೀಳುವ ತನಕ ಬಾಯಿ ಬಿಡಬಾರದು. ತಾಯಿಯ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಕಾರ್ತಿಕದಲ್ಲಿ ಕೇಳಿದೆ, ಎಡಕ್ಕೆ ಬಿತ್ತು. ಸಂಕ್ರಾಂತಿ ಕಳೆದು ಕೇಳಿದೆ, ಮತ್ತೆ ಎಡಕ್ಕೇ. ತಾಯಿಗೆ ನನ್ನ ಮೇಲೆ ಮುನಿಸು ಅಂತ ಊಟ ಸೇರಲಿಲ್ಲ.

ಅಷ್ಟರಲ್ಲಿ ಸೈಟಿನ ಬೆಲೆ ಏರುತ್ತಲೇ ಹೋಯಿತು. ದಲ್ಲಾಳಿ ಮಾಯಣ್ಣ ಜಗಲಿ ಮೇಲೆ ಕೂತು ಹೇಳುತ್ತಾನೆ, "ಅಕ್ಕಾ, ನಿಮ್ ಲಕ್ಕಮ್ಮಂಗೆ ರೇಟು ಚೆನ್ನಾಗ್ ಗೊತ್ತು ಕಣಕ್ಕಾ. ಇನ್ನೊಂದ್ಸಲ ಎಡಕ್ ಬುಟ್ರೆ ಮೈಸೂರೋರು ಇನ್ನೂ ಮೇಲಕ್ ಬತ್ತಾರೆ!" ನಗೆಯ ಮಾತು ಅಂತ ಬಿಟ್ಟೆ. ನೋಡಿದರೆ ಊರಿನ ಅರ್ಧ ಜನ ತಮ್ಮ ಹೊಲ ಮಾರುವ ಮುಂಚೆ ಹೂವು ಕೇಳಲು ಸಾಲುಗಟ್ಟಿದ್ದಾರೆ. ಪೂಜಾರಿ ಮುದ್ದಯ್ಯನವರು ರೇಗಿಹೋದರು. "ಏನ್ರಪ್ಪಾ, ಇದು ಗುಡಿಯೋ ದನದ್ ಸಂತೆಯೋ? ಅಡಿಗೆಷ್ಟು ಅಂತ ಅವ್ವನ್ನ ಕೇಳಕ್ ಬಂದಿದ್ದೀರಲ್ಲ" ಅಂದರು.

ನಿನ್ನೆ ಶುಕ್ರವಾರ ಮೂರನೆಯ ಸಲ ತಟ್ಟೆ ಹಿಡಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ್ದೆನೋ ಇಲ್ಲವೋ, ಬಲಗಡೆಯ ಹೂವು ದಡಕ್ಕನೆ ತಟ್ಟೆಗೇ ಬಿತ್ತು. ನಿಮ್ಮಪ್ಪ ಅಲ್ಲೇ ಅಡ್ಡಬಿದ್ದು, "ತಾಯಿ ಕೊಟ್ಟದ್ದಕ್ಕೆ ನಾನು ಎದುರಾಡಲ್ಲ ಕಣವ್ವಾ" ಅಂತ ಎಲ್ಲರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದರು.

ಮುಂದಿನ ಗುರುವಾರ ಇಲ್ಲಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಆಗಬೇಕು. ನಿಮ್ಮಜ್ಜಿ ಆ ಹೊಲವನ್ನು ನನ್ನ ಹೆಸರಿಗೆ ಮಾಡಿಟ್ಟು ಹೋಗಿದ್ದರಲ್ಲ, ಅದಕ್ಕೆ ನನ್ನ ರುಜು ಇಲ್ಲದೆ ಒಂದು ಕಲ್ಲೂ ಮಾರಾಟವಾಗದಂತೆ. ನೀನು ಬುಧವಾರ ಸಂಜೆಯ ಬಸ್ಸಿಗೇ ಬಾ. "ಅವ್ಳಿಗೇನ್ ಕೆಲ್ಸ ಅಲ್ಲಿ, ಬಸ್ ಚಾರ್ಜು ದಂಡ" ಅನ್ನುತ್ತಾರೆ ನಿಮ್ಮಪ್ಪ. ಅನ್ನಲಿ. ನೀನು ಬಾ.

ನಿನ್ನ ಮೇಲೇ ಜೀವ ಇಟ್ಟಿರುವ ಅವ್ವ,
ಪುಟ್ಟಗೌರಮ್ಮ

ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಏನು ಕೇಳಿದೆ ಅಂತ ಇದುವರೆಗೆ ಯಾರೂ ನನ್ನನ್ನು ಕೇಳಲಿಲ್ಲ, ಸರಸೂ. ಮಾರೋಣವೆ ಅಂತ ನಾನು ಒಂದು ಸಲವೂ ಕೇಳಿಲ್ಲ. ಮೊದಲ ಎರಡು ಸಲ, ಕಾಲುವೆ ನೀರು ಜಿನುಗುವ ಆ ಹಿಂದಿನ ಸೈಟನ್ನಾದರೂ ನನ್ನ ಮಗಳಿಗೆ ಕೊಡಿಸವ್ವಾ ಅಂದಿದ್ದೆ. ಹೆದರಿಕೊಂಡು ಕಡಮೆ ಬೆಲೆಯದನ್ನೇ ಕೇಳಿದ್ದೆ. ನಿನ್ನೆ, ರಸ್ತೆ ಮೂಲೆಯ ಬೇವಿನ ಮರದ ಸೈಟು ಕೊಡು ಅಂದೆ. ಆ ಹೂವೇ ಬಲಕ್ಕೆ ಬಿದ್ದದ್ದು. ಗುರುವಾರ ಪೆನ್ನು ನನ್ನ ಕೈಗೆ ಬಂದಾಗ ನಿಮ್ಮಪ್ಪನಿಗೆ ಇದನ್ನು ಹೇಳುತ್ತೇನೆ. ಬರುವಾಗ ಹೊಲಿಗೆ ಮಿಷನ್ನನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬಾ.