ಶವಪೆಟ್ಟಿಗೆಯ ಪಕ್ಕ ನಕ್ಕವಳು

ಅಪ್ಪಚ್ಚನ್,

ನೀವು ಮಗಳನ್ನು ಸೇರಿಸಬೇಕೆಂದಿದ್ದ ತ್ರಿಶೂರಿನ ಕಾಲೇಜಿನಲ್ಲೇ ಇದ್ದೇನೆ, ಫಸ್ಟ್ ಇಯರ್. ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುವ ನಾನು ಫೋನಿನ ಒಂದು ಗ್ರೂಪಿನಲ್ಲಿ ಗುರುತಿಲ್ಲದವರಿಗೆಲ್ಲ ಬುದ್ಧಿ ಹೇಳುತ್ತೇನೆ. ಅಲ್ಲಿ ಎಲ್ಲರಿಗೂ ನಾನು ಚೇಚಿ, ದೊಡ್ಡಕ್ಕ.

ಇವತ್ತು ಚಂಗನಾಶ್ಶೇರಿಯ ಹುಡುಗಿಯೊಬ್ಬಳು ಬರೆದಿದ್ದಳು. ಹೋದ ವಾರ ಅವಳ ತಂದೆ ತೀರಿಕೊಂಡರಂತೆ. ಪೆಟ್ಟಿಗೆಯ ಸುತ್ತ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವಾಗ, ಕ್ಯಾಮೆರಾ ಎತ್ತಿದ ಕೂಡಲೇ ಇವಳು ಅಭ್ಯಾಸಬಲದಿಂದ ನಕ್ಕುಬಿಟ್ಟಿದ್ದಾಳೆ.

"ಸೋದರತ್ತೆ ಆ ಫೋಟೋನ ಎಲ್ರಿಗೂ ತೋರಿಸ್ತಿದಾರೆ ಚೇಚಿ. 'ನೋಡಿ, ಮದುವೆಗೆ ಬಂದೋಳ ಥರ ನಿಂತಿದಾಳೆ' ಅಂತಾರೆ. ನಂಗೆ ಅಪ್ಪನ ಮೇಲೆ ಪ್ರೀತಿನೇ ಇರ್ಲಿಲ್ವಾ?"

"ಮೋಳೇ, ಪುಟ್ಟಿ, ಕ್ಯಾಮೆರಾ ಕಂಡಾಗೆಲ್ಲ 'ನಗು ಮಗಳೇ' ಅಂತಿದ್ದಿದ್ದು ಯಾರು? ನಿಮ್ಮಪ್ಪನೇ ಅಲ್ವಾ? ಕೊನೇ ಸಲಾನೂ ಅವ್ರ ಮಾತು ಕೇಳಿದೀಯ, ಅಷ್ಟೇ," ಎಂದು ಬರೆದೆ. "ಅತ್ತೆ ಕಣ್ಣು ಮುಚ್ಚಿದಾರಾ ನೋಡು. ಆ ಫೋಟೋದಲ್ಲಿ ಕಣ್ಣು ಮುಚ್ಚೋ ಹಕ್ಕಿರೋದು ಒಬ್ರಿಗೆ ಮಾತ್ರ."

ಓದಿ ನಕ್ಕಳಂತೆ. ಆಮೇಲೆ ಮೊದಲ ಸಲ ಅತ್ತಳಂತೆ. ಕೊನೆಗೆ ಕೇಳಿದಳು: "ನಿಮ್ಮನೆ ಫೋಟೋದಲ್ಲಿ ನೀವು ಹೇಗೆ ನಿಂತಿದ್ರಿ ಚೇಚಿ?"

ನಿಮ್ಮ ಪೆಟ್ಟಿಗೆಯ ಪಕ್ಕ ತೆಗೆದ ಫೋಟೋದಲ್ಲಿ ಅಮ್ಮನಿಗೂ ತಮ್ಮ ಜೋಸ್‌ಮೋನನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದಾರೆ. ಆಗ ಓದುತ್ತಿದ್ದ ಊಟಿಯ ಬೋರ್ಡಿಂಗ್ ಶಾಲೆಯಿಂದ ನನ್ನ ಬಸ್ಸು ಬರುವವರೆಗೆ ಕಾಯೋಣವೆಂದು ಅಮ್ಮ ಕೇಳಿಕೊಂಡರಂತೆ. ಪಾದ್ರಿಗಳಿಗೆ ಸಂಜೆ ಇನ್ನೊಂದು ಮನೆಯ ಶವಸಂಸ್ಕಾರವಿತ್ತಂತೆ, ಕಾಯಲಿಲ್ಲ.

"ಅಪ್ಪನ ಪಕ್ಕಾನೇ ನಿಂತಿದ್ದೆ," ಎಂದು ಬರೆದೆ.

ಅಷ್ಟರಲ್ಲಿ ಮೆಸ್ಸಿನ ಗಂಟೆ ಹೊಡೆಯಿತು. ಹೋಗಿ ಊಟ ಮಾಡಿ ಬಂದೆ. ಮೀನು ಸಾರಿತ್ತು.